ರೀಕಾಲ್ ಆದ ಸಲಕರಣೆಯನ್ನು ನಂಬುವುದೋ ಬಿಡುವುದೋ

ಬಂಡೆ ಹತ್ತುವ ಸಲಕರಣೆಯನ್ನು ಅದರ ಕಂಪನಿಯೇ ವಾಪಸ್ ಕರೆಸಿಕೊಳ್ಳುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ತುಮಕೂರಿನ ನಮ್ಮ ಹುಡುಗರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಕೆಲವರು ಇನ್ನು ಆ ಕಂಪನಿಯ ಸಾಮಾನನ್ನೇ ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿಯುತ್ತಾರೆ. ಉಳಿದವರು, "ಸಾರ್, ಇದನ್ನೇ ಹಾಕ್ಕೊಂಡು ಮಧುಗಿರೀಲಿ ಎಷ್ಟು ಸಲ ಇಳಿದಿದ್ದೀವಿ, ಏನೂ ಆಗಿಲ್ವಲ್ಲ" ಎನ್ನುತ್ತಾರೆ. ಎರಡೂ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲೂ ಎರಡನೆಯ ಮಾತು ಜೀವಕ್ಕೆ ಕುತ್ತು ತರುವಂಥದ್ದು.

2011ರಲ್ಲಿ ಫ್ರಾನ್ಸಿನ ಪೆಟ್ಜಲ್ ಕಂಪನಿ ತನ್ನ ಗ್ರಿಗ್ರಿ 2 ಎಂಬ ಬಿಲೇ ಸಾಧನವನ್ನು, ಅಂದರೆ ಹತ್ತುವವರ ಹಗ್ಗವನ್ನು ಕೆಳಗಿರುವವರು ಹಿಡಿದು ನಿಯಂತ್ರಿಸುವ ಸಾಧನವನ್ನು, ವಾಪಸ್ ಕರೆಸಿಕೊಂಡಿತು. ಹಿಡಿಕೆಯನ್ನು ಪೂರ್ತಿ ಎಳೆದಿರುವಾಗ ಅದರ ಮೇಲೆ ಅತಿಯಾದ ಬಲ ಬಿದ್ದರೆ ಒಳಗಿನ ಭಾಗ ಕೆಟ್ಟು, ಹಿಡಿಕೆ ಅರ್ಧ ತೆರೆದಲ್ಲೇ ಸಿಕ್ಕಿಕೊಂಡು, ಬೀಳುವವರ ಹಗ್ಗವನ್ನು ಕಚ್ಚಿ ಹಿಡಿಯಬೇಕಾದ ವ್ಯವಸ್ಥೆಯೇ ಕೆಲಸ ಮಾಡದೆ ಹೋಗುವ ಸಂಭವವಿತ್ತು. ಆದರೆ ಕಂಪನಿ ಕರೆಸಿಕೊಂಡದ್ದು ಸೀರಿಯಲ್ ನಂಬರಿನ ಮೊದಲ ಐದು ಅಂಕಿ 10326ರಿಂದ 11136ರವರೆಗೆ ಇದ್ದವನ್ನು ಮಾತ್ರ. ಮೊದಲೆರಡು ಅಂಕಿ ವರ್ಷ, ಮುಂದಿನ ಮೂರು ಆ ವರ್ಷದ ಎಷ್ಟನೆಯ ದಿನ ಎಂಬುದು. ಅಂದರೆ 2010ರ ನವೆಂಬರ್ 22ರಿಂದ 2011ರ ಮೇ 16ರ ನಡುವೆ ತಯಾರಾದವು. ಇಷ್ಟು ನಿಖರವಾಗಿ ತನ್ನ ದೋಷವನ್ನು ತಾನೇ ಹೇಳಬಲ್ಲ ಕಂಪನಿಯ ಬಗ್ಗೆ ನನಗೆ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆದರೆ ನಂಬರು ಆ ಪಟ್ಟಿಯೊಳಗೆ ಬಿದ್ದ ಸಾಧನವನ್ನು ಮಾತ್ರ ಒಂದು ಗಳಿಗೆಯೂ ಬಳಸಬಾರದು.

"ಏನೂ ಆಗಿಲ್ಲ" ಎನ್ನುವವರಿಗೆ 2016ರ ಬ್ಲ್ಯಾಕ್ ಡೈಮಂಡ್ ಕಂಪನಿಯ ರೀಕಾಲ್ ಪ್ರಕರಣವನ್ನು ಹೇಳುತ್ತೇನೆ. ಕ್ಯಾರಬೀನರ್ ಎಂದರೆ ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಅದರ ಸ್ಪ್ರಿಂಗ್ ಬಾಗಿಲೇ ಗೇಟು. ಆ ಕಂಪನಿಯ ಕೆಲವು ಕ್ಯಾರಬೀನರುಗಳಲ್ಲಿ ಗೇಟನ್ನು ಹಿಡಿದಿಡುವ ರಿವೆಟ್ ಮೊಳೆ ಸರಿಯಾಗಿ ಕೂತಿರಲಿಲ್ಲ. ಕೆಲವು ನೈಲಾನ್ ಸ್ಲಿಂಗುಗಳಲ್ಲಿ, ಅಂದರೆ ಬಳೆಯಂತೆ ಜೋಡಿಸಿದ ಪಟ್ಟಿಗಳಲ್ಲಿ, ಪಟ್ಟಿಯ ಎರಡು ತುದಿಗಳನ್ನು ಹೊಲಿಯದೆ ಬರೀ ಟೇಪು ಸುತ್ತಿ ಜೋಡಿಸಿದ್ದದ್ದು ಹಾಗೇ ಉಳಿದುಹೋಗಿತ್ತು. ಇಂಥ ಸಾಮಾನನ್ನು ಮರಕ್ಕೋ ತೊಲೆಗೋ ಕಟ್ಟಿ, ಜೋತುಬಿದ್ದು ನೋಡಿ, "ಗಟ್ಟಿಯಾಗಿದೆ" ಎಂದು ತೀರ್ಮಾನಿಸುವವರನ್ನು ನಾನು ಬಲ್ಲೆ. ಎಂಬತ್ತು ಕಿಲೋ ತೂಕದವರು ಸುಮ್ಮನೆ ಜೋತುಬಿದ್ದರೆ ಬೀಳುವ ಬಲ ಒಂದು ಕಿಲೋನ್ಯೂಟನ್ (ಸುಮಾರು ನೂರು ಕಿಲೋ ತೂಕದಷ್ಟು ಬಲ) ಕೂಡ ಆಗುವುದಿಲ್ಲ. ಮೇಲಿನಿಂದ ಜಾರಿ ಬಿದ್ದು ಹಗ್ಗ ಬಿಗಿಯಾದ ಕ್ಷಣದಲ್ಲಿ ಅದರ ಹಲವು ಪಟ್ಟು ಬೀಳುತ್ತದೆ. ಸಾಮಾನ್ಯ ಕ್ಯಾರಬೀನರ್ ಗೇಟು ಮುಚ್ಚಿದ್ದಾಗ ಉದ್ದಕ್ಕೆ 20 ಕಿಲೋನ್ಯೂಟನ್ ತಡೆಯಬೇಕೆಂದು ಯುರೋಪಿನ ಮಾನದಂಡ ಹೇಳುತ್ತದೆ, ಗೇಟು ತೆರೆದಿದ್ದರೆ 7 ಸಾಕು ಎನ್ನುತ್ತದೆ. ರಿವೆಟ್ ಕಳಚಿ ಗೇಟು ಬಿಟ್ಟುಕೊಂಡರೆ ಶಕ್ತಿ ಮೂರನೆಯ ಒಂದು ಭಾಗಕ್ಕೆ ಇಳಿಯಬಹುದು ಎಂದಾಯಿತು. ಜೋತುಬಿದ್ದು ನೋಡುವ ಪರೀಕ್ಷೆಯಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ, ಸುಳ್ಳು ಧೈರ್ಯವೊಂದು ಬರುತ್ತದೆ ಅಷ್ಟೇ.

ನನಗೆ ನಿಜವಾಗಿ ಭಯವಿರುವುದು ನಂಬರೇ ಗೊತ್ತಿಲ್ಲದ ಸಾಮಾನಿನ ಬಗ್ಗೆ. ನಮ್ಮ ಕಡೆ ಹಾರ್ನೆಸ್ (ಹತ್ತುವವರು ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಪಟ್ಟಿ), ಸ್ಲಿಂಗುಗಳು ಕೈಯಿಂದ ಕೈಗೆ ಬರುತ್ತವೆ: ಬೆಂಗಳೂರಿನಲ್ಲಿ ಯಾರೋ ಮಾರಿದ್ದು, ವಿದೇಶದಲ್ಲಿರುವ ಚಿಕ್ಕಪ್ಪನ ಮಗ ತಂದುಕೊಟ್ಟಿದ್ದು, ಮುಚ್ಚಿಹೋದ ಸಾಹಸ ಶಿಬಿರವೊಂದರಿಂದ ಚೀಲದ ಲೆಕ್ಕದಲ್ಲಿ ಬಂದದ್ದು. ಬಿಲ್ಲು ಯಾರದೋ ಹೆಸರಿನಲ್ಲಿರುವುದರಿಂದ ಕಂಪನಿಯ ಸೂಚನೆ ನಮ್ಮನ್ನು ತಲುಪುವುದೇ ಇಲ್ಲ. ಇತ್ತೀಚೆಗೆ ಒಂದು ಕ್ಯಾರಬೀನರಿನ ಮೇಲೆ ಗುರುತಿಗೆಂದು ಸುತ್ತಿದ್ದ ಕೆಂಪು ಇನ್ಸುಲೇಶನ್ ಟೇಪು ಬಿಚ್ಚಿದಾಗ, ಸೀರಿಯಲ್ ನಂಬರು ಸರಿಯಾಗಿ ಅದರ ಕೆಳಗೇ ಇತ್ತು, ಅರ್ಧ ಸವೆದುಹೋಗಿತ್ತು. ಹಾರ್ನೆಸ್ಸಿನ ಸೊಂಟಪಟ್ಟಿಯೊಳಗೆ ಹೊಲಿದ ಬಿಳಿ ಲೇಬಲ್ಲಂತೂ ಒಗೆದೊಗೆದು ಖಾಲಿ ಬಟ್ಟೆಯಾಗಿರುತ್ತದೆ. ನಂಬರು ಓದಲಾಗದ ಸಾಮಾನು ರೀಕಾಲ್ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ತಿಳಿಯಲು ಬೇರೆ ದಾರಿಯೇ ಇಲ್ಲದಿರುವಾಗ ಅದನ್ನು ಉಳಿಸಿಕೊಳ್ಳಬಾರದು. ಎಸೆಯುವಾಗಲೂ ಹಾಗೇ ಎಸೆಯದೆ ಕತ್ತರಿಸಿ ಎಸೆಯಬೇಕು. ಇಲ್ಲವಾದರೆ ಇನ್ಯಾರೋ ಎತ್ತಿಕೊಂಡು ಹೋಗಿ ಮಕ್ಕಳ ಸೊಂಟಕ್ಕೆ ಕಟ್ಟುತ್ತಾರೆ.

ಪಟ್ಟಿಯಲ್ಲಿ ಇಲ್ಲ ಎಂದಾದರೂ ಕೆಲಸ ಮುಗಿಯುವುದಿಲ್ಲ. ಮನೆಯ ಯುಪಿಎಸ್ ಬ್ಯಾಟರಿ ಇಟ್ಟ ಮೂಲೆಯಲ್ಲೇ ಹಾರ್ನೆಸ್ಸಿನ ಚೀಲ ಇಡುವವರು ನಮ್ಮಲ್ಲಿ ಬಹಳ. ಬ್ಯಾಟರಿಯ ಆಸಿಡ್ ನೈಲಾನನ್ನು ಕಣ್ಣಿಗೆ ಕಾಣದಂತೆ ತಿನ್ನಬಲ್ಲದು. ಬಣ್ಣವೂ ಬದಲಾಗದೆ ಇರಬಹುದು, ಹೊಲಿಗೆಯೂ ನೆಟ್ಟಗಿರಬಹುದು. ಇದನ್ನು ಯಾವ ಕಂಪನಿಯೂ ರೀಕಾಲ್ ಮಾಡಲಾರದು.

ಮಾರುವವರ ಹೊಣೆಯ ಬಗ್ಗೆಯೂ ಹೇಳಬೇಕು. ನಮ್ಮವರೊಬ್ಬರು ತಾವು ಕೊಂಡ ಅಂಗಡಿಗೆ ಫೋನ್ ಮಾಡಿ ರೀಕಾಲ್ ವಿಷಯ ಕೇಳಿದಾಗ, ಅದು ಹೊರದೇಶದ ಮಾಲಿಗೆ ಮಾತ್ರ ಎಂದುಬಿಟ್ಟರಂತೆ. ನಂಬರಿಗೆ ದೇಶವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಸೆಕ್ಷನ್ ಅಪಾಯಕಾರಿ ಸರಕನ್ನು ವಾಪಸ್ ಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಅಂಗಡಿಯವರು ಕೈಚೆಲ್ಲಿದರೆ ಕಂಪನಿಗೆ ನೇರವಾಗಿ ಬರೆಯಿರಿ, ಅಲ್ಲೂ ಉತ್ತರ ಬಾರದಿದ್ದರೆ ಪ್ರಾಧಿಕಾರಕ್ಕೆ ದೂರು ಕೊಡಿ.

ತುಮಕೂರು, ಮಧುಗಿರಿ ಕಡೆಯ ಗೆಳೆಯರು ತಮ್ಮಲ್ಲಿರುವ ಒಂದೊಂದು ಸಾಮಾನಿನ ನಂಬರನ್ನೂ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆದು, ಎಲ್ಲಿಂದ ಬಂತು, ಯಾವಾಗ ಬಂತು ಎಂಬುದನ್ನು ಎರಡು ಸಾಲು ಬರೆದು ನನಗೆ ಕಳುಹಿಸಿ. ಕಂಪನಿಗಳ ಪಟ್ಟಿಯೊಂದಿಗೆ ಕೂತು ನೋಡೋಣ. ಅಲ್ಲಿಯವರೆಗೆ ದಯವಿಟ್ಟು ಅನುಮಾನವಿರುವುದನ್ನು ಚೀಲದಿಂದ ತೆಗೆದು ಬೇರೆ ಇಡಿ.