10 ಗೆಲುವು, 10 ಸೋಲು, ಆದರೂ ಪ್ರಶಸ್ತಿ ಅವನಿಗೇ

2025ರ ಸೈ ಯಂಗ್ ಪ್ರಶಸ್ತಿ ಪಾಲ್ ಸ್ಕೀನ್ಸ್‌ಗೆ ಬಂತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗಿನ ಅತ್ಯುತ್ತಮ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ, ಕೊಡುವ ಪ್ರಶಸ್ತಿ ಅದು. ಮೊದಲ ಸ್ಥಾನದ 30 ಮತಗಳಲ್ಲಿ 30ಕ್ಕೆ 30 ಅವನಿಗೇ ಬಿದ್ದವು. ಅವನ ದಾಖಲೆ ಮಾತ್ರ 10 ಗೆಲುವು, 10 ಸೋಲು! ಇದನ್ನು ನೋಡಿ ಮೂಗು ಮುರಿಯುವವರ ಜೊತೆ ನನ್ನದೊಂದು ತಕರಾರಿದೆ.

ಬೇಸ್‌ಬಾಲ್‌ನಲ್ಲಿ ಗೆಲುವನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ. ಆದರೆ ರನ್ ಹೊಡೆಯಬೇಕಾದವರು ಬೇರೆಯವರು. ಆ ವರ್ಷ ಸ್ಕೀನ್ಸ್‌ನ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ 30 ತಂಡಗಳಲ್ಲೇ ಅತಿ ಕಡಿಮೆ ರನ್ ಹೊಡೆದು, 91 ಪಂದ್ಯ ಸೋತಿತು. ಇವನೋ 9 ಇನ್ನಿಂಗ್ಸ್‌ಗೆ ಸರಾಸರಿ 1.97 ರನ್ ಮಾತ್ರ ಬಿಟ್ಟುಕೊಟ್ಟು, 216 ಸಲ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕಾಲೇಜಿನಲ್ಲೂ ಹೀಗೇ ಆಗಿತ್ತು. ಮೊದಲು ಅವನಿದ್ದದ್ದು ಕೊಲರಾಡೋದ ಏರ್‌ಫೋರ್ಸ್ ಅಕಾಡೆಮಿಯಲ್ಲಿ. ಪಿಚರ್ ಅಷ್ಟೇ ಅಲ್ಲ, ಕ್ಯಾಚರ್ ಕೂಡ, ಬ್ಯಾಟಿಂಗೂ ಜೋರು. ಅಲ್ಲಿ ಮೂರನೇ ವರ್ಷಕ್ಕೆ ಕಾಲಿಟ್ಟರೆ ಸೇನಾ ಸೇವೆಗೆ ಬದ್ಧರಾಗಬೇಕು. ಅದಕ್ಕೆ ಮೊದಲೇ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಗೆ ಬಂದ. ಒಂದೇ ಸೀಸನ್‌ನಲ್ಲಿ 209 ಸ್ಟ್ರೈಕ್‌ಔಟ್! 1989ರಿಂದ ನಿಂತಿದ್ದ ಅದೇ ಯೂನಿವರ್ಸಿಟಿಯ ಬೆನ್ ಮೆಕ್‌ಡೊನಾಲ್ಡ್ ದಾಖಲೆ ಮುರಿಯಿತು.

2023ರ ಜೂನ್‌ನಲ್ಲಿ ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್ ಟೂರ್ನಿಯಲ್ಲಿ ವೇಕ್ ಫಾರೆಸ್ಟ್ ಯೂನಿವರ್ಸಿಟಿ ವಿರುದ್ಧದ ಪಂದ್ಯವನ್ನೇ ನೋಡಿ. ಎದುರಾಳಿ ಪಿಚರ್ ರೆಟ್ ಲೌಡರ್, ಅವನೂ ಬಿಡುವವನಲ್ಲ. ಸ್ಕೀನ್ಸ್ 8 ಇನ್ನಿಂಗ್ಸ್ ಎಸೆದು ಕೊಟ್ಟದ್ದು ಎರಡೇ ಹಿಟ್. ಅವನು ಕೆಳಗಿಳಿದಾಗ ಸ್ಕೋರ್ 0-0. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಅವನದೇ ತಂಡದ ಟಾಮಿ ವೈಟ್ ಹೋಮ್ ರನ್ ಬಾರಿಸಿದ, ತಂಡ ಗೆದ್ದಿತು. ತಂಡ ಮುಂದಾದಾಗ ಪಿಚರ್ ಬೇರೆಯವನಾಗಿದ್ದ, ಹಾಗಾಗಿ ಆ ಗೆಲುವು ಸ್ಕೀನ್ಸ್ ಲೆಕ್ಕಕ್ಕೆ ಸೇರಲೇ ಇಲ್ಲ. ಹಾಗಂತ ಆ ರಾತ್ರಿ ಅವನು ಚೆನ್ನಾಗಿ ಎಸೆಯಲಿಲ್ಲ ಅಂತ ಯಾರಾದರೂ ಹೇಳಿಯಾರೇ? ಆ ಟೂರ್ನಿಯ ಶ್ರೇಷ್ಠ ಆಟಗಾರನೂ ಅವನೇ.

ಮುಂದಿನದು ಸರಸರ. ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ, ಆಗಿನ ಮಟ್ಟಿಗೆ ದಾಖಲೆಯಾದ 92 ಲಕ್ಷ ಡಾಲರ್ ಬೋನಸ್, 2024ರ ಮೇ 11ಕ್ಕೆ ಮೇಜರ್ ಲೀಗ್ ಪದಾರ್ಪಣೆ. ಜುಲೈನಲ್ಲಿ ಎರಡೂ ಲೀಗ್‌ಗಳ ತಾರೆಯರ ಆಲ್‌ಸ್ಟಾರ್ ಪಂದ್ಯದಲ್ಲಿ ನ್ಯಾಷನಲ್ ಲೀಗ್ ಪರ ಮೊದಲ ಪಿಚರ್ ಆಗಿ ಇಳಿಯುವಾಗ ಅವನು ಆಡಿದ್ದು ಬರೀ 11 ಪಂದ್ಯ. ವರ್ಷದ ಕೊನೆಗೆ ಹೊಸಬರಲ್ಲಿ ಶ್ರೇಷ್ಠನಿಗೆ ಕೊಡುವ ರೂಕಿ ಆಫ್ ದಿ ಇಯರ್ ಪ್ರಶಸ್ತಿ.

ಹಳಬರು ಈಗಲೂ ಪಿಚರ್ ಅಂದ ಕೂಡಲೇ ಗೆಲುವೆಷ್ಟು ಅಂತ ಕೇಳುತ್ತಾರೆ. ಆ ಪ್ರಶ್ನೆ ಪಿಟ್ಸ್‌ಬರ್ಗ್ ಮಾಲೀಕರಿಗೆ ಹಾಕಬೇಕಾದ್ದು. ಕೈ ಬಿಚ್ಚಿ ಇಬ್ಬರು ಒಳ್ಳೆ ಬ್ಯಾಟರ್‌ಗಳನ್ನು ತಂದುಕೊಡಲಿ, ಆಮೇಲೆ ಈ ಹುಡುಗನ ಗೆಲುವು ಎಣಿಸೋಣ.