ಗಂಜಿ ಕರಗುತ್ತದೆ, ಹತ್ತಿ ಕರಗುವುದಿಲ್ಲ

"ಇದು ಪೂರ್ತಿ ನ್ಯಾಚುರಲ್ ಮೇಡಂ, ಮೈಯಲ್ಲಿ ತಾನಾಗೇ ಕರಗಿಹೋಗುತ್ತೆ." ಮೊನ್ನೆ ಸೆಮಿನಾರೊಂದರ ಸ್ಟಾಲಿನಲ್ಲಿ ಕೇಳಿದ ಮಾತು. ಆಪರೇಷನ್ ವೇಳೆ ರಕ್ತ ನಿಲ್ಲಿಸಲು ಒಳಗೆ ಇಡುವ, ಸೀಗಡಿ-ಏಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್ ಎಂಬ ವಸ್ತುವಿನ ಪಟ್ಟಿ ಅದು. ಲ್ಯಾಬಿನಲ್ಲಿ ದಿನವಿಡೀ ಇಂಥವನ್ನೇ ಹಿಡಿದು ಕೂರುವ ನನಗೆ ಈ ಮಾತು ಕೇಳಿದಾಗಲೆಲ್ಲ ಕಳವಳವಾಗುತ್ತದೆ.

ಅಕ್ಕಿಯ ಪಿಷ್ಟವೂ ಗ್ಲೂಕೋಸಿನ ಸರಪಳಿ, ಹತ್ತಿಯೂ ಗ್ಲೂಕೋಸಿನ ಸರಪಳಿ. ಕೊಂಡಿ ಹಾಕಿರುವ ರೀತಿ ಮಾತ್ರ ಬೇರೆ. ಪಿಷ್ಟದ ಕೊಂಡಿ ಕತ್ತರಿಸಲು ನಮ್ಮ ಜೊಲ್ಲಿನಲ್ಲೂ ರಕ್ತದಲ್ಲೂ ಅಮೈಲೇಸ್ ಎಂಬ ಕಿಣ್ವ ಇದೆ. ಅನ್ನವನ್ನು ನುಂಗದೆ ಸುಮ್ನೆ ಅಗಿಯುತ್ತಿದ್ದರೆ ಸಿಹಿಯಾಗುತ್ತದೆ ಅಲ್ವಾ, ಅದು ಇದರ ಕೆಲಸವೇ. ಹತ್ತಿಯ ಕೊಂಡಿ ಕತ್ತರಿಸುವ ಕಿಣ್ವ ನಮ್ಮ ಮೈ ತಯಾರಿಸುವುದೇ ಇಲ್ಲ. ಆಪರೇಷನ್ ವೇಳೆ ಹೊಟ್ಟೆಯೊಳಗೆ ಮರೆತುಹೋದ ಗಾಜ್ ಬಟ್ಟೆ ವರ್ಷಗಟ್ಟಲೆ ಹಾಗೇ ಉಳಿಯುವುದು ಅದಕ್ಕೇ.

ಕೈಟೋಸಾನೂ ಇಂಥದೇ ಸರಪಳಿ; ಅದನ್ನು ಕತ್ತರಿಸುವುದು ಲೈಸೋಜೈಮ್. ಅಲೆಕ್ಸಾಂಡರ್ ಫ್ಲೆಮಿಂಗ್ 1920ರ ದಶಕದ ಆರಂಭದಲ್ಲಿ ಸಿಂಬಳದಲ್ಲಿ ಕಂಡ ಕಿಣ್ವ. ಕಣ್ಣೀರಿನಲ್ಲಿ ಧಾರಾಳ, ರಕ್ತದ ತಿಳಿದ್ರವವಾದ ಸೀರಮ್‌ನಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ. ಸರಪಳಿಯಲ್ಲಿ ಅಸಿಟೈಲ್ ಗುಂಪುಗಳು ಎಂಬ ಸಣ್ಣ ರಾಸಾಯನಿಕ ತುಣುಕುಗಳು ಉಳಿದಿರುವ ಕಡೆಯೇ ಅದಕ್ಕೆ ಹಿಡಿತ. ಚಿಪ್ಪನ್ನು ಕ್ಷಾರದಲ್ಲಿ ಬೇಯಿಸಿ ಆ ಗುಂಪುಗಳನ್ನು ಜಾಸ್ತಿ ತೆಗೆದಷ್ಟೂ ಕರಗುವುದು ನಿಧಾನ.

ಉಗುರಗಲದ ಕೈಟೋಸಾನ್ ಫಿಲ್ಮ್ ತೂಗಿ, ಸೀರಮ್‌ನಲ್ಲಿ ಮುಳುಗಿಸಿ, 37 ಡಿಗ್ರಿಯಲ್ಲಿ ಇಡುತ್ತೇನೆ. ಆಮೇಲೆ ತೊಳೆದು, ಒಣಗಿಸಿ, ಮತ್ತೆ ತೂಗಬೇಕು. ಒಂದು ಫಿಲ್ಮಿನ ಅಂಚು ಫೋರ್ಸೆಪ್ಸ್‌ನಲ್ಲಿ ಹಿಡಿದರೆ ಲೋಳೆಯಾಗಿ ಜಾರುತ್ತದೆ. ಪಕ್ಕದ್ದು ಹಾಕಿದ ಹಾಗೇ ಇರುತ್ತದೆ. ಎರಡೂ ಚಿಪ್ಪಿನವೇ! ಕೆಲವರು ರಕ್ತದಲ್ಲಿ ಇರುವುದಕ್ಕಿಂತ ನೂರು ಪಟ್ಟು ಲೈಸೋಜೈಮ್ ಸುರಿದು ಬೇಗ ಕರಗಿತು ಅನ್ನುತ್ತಾರೆ. ನನಗದು ಒಪ್ಪಿಗೆಯಿಲ್ಲ.

ಪಿಷ್ಟದ ಕಥೆಯನ್ನೇ ನೋಡಿ. ಹಾಗೇ ಕೊಟ್ಟರೆ ರಕ್ತದಲ್ಲಿ ಬೇಗ ಕರಗಿಹೋಗುತ್ತದೆ ಅಂತ, ಅದನ್ನು ತಡೆಯಲು ಹೈಡ್ರಾಕ್ಸಿಎಥೈಲ್ ಎಂಬ ರಾಸಾಯನಿಕ ಗುಂಪು ಜೋಡಿಸಿ, ರಕ್ತದ ಪ್ರಮಾಣ ತುಂಬಿಸಲು ಡ್ರಿಪ್‌ನಲ್ಲಿ ಕೊಡುತ್ತಿದ್ದರು. ಅಮೈಲೇಸ್‌ಗೆ ಹಿಡಿತ ತಪ್ಪಿತು, ಪಿಷ್ಟ ಜಾಸ್ತಿ ಹೊತ್ತು ನಿಂತಿತು. ಉಳಿದದ್ದು ಚರ್ಮ, ಕಿಡ್ನಿಯಲ್ಲಿ ಸೇರಿಕೊಂಡಿತು. ಕೆಲವರಿಗೆ ತಿಂಗಳುಗಟ್ಟಲೆ ತುರಿಕೆ. ಸೆಪ್ಸಿಸ್ (ಸೋಂಕು ಮೈಯನ್ನೆಲ್ಲ ಕೆಡಿಸುವ ಸ್ಥಿತಿ) ರೋಗಿಗಳಲ್ಲಿ ಸಾವು ಹೆಚ್ಚು ಎಂದು 2012ರ ದೊಡ್ಡ ಅಧ್ಯಯನ ತೋರಿಸಿತು. ಯುರೋಪ್ ಇದನ್ನು ತಡೆಹಿಡಿಯುವ ಹೊತ್ತಿಗೆ 2022 ಆಗಿತ್ತು. ಅದೂ ಮೆಕ್ಕೆಜೋಳ, ಆಲೂಗಡ್ಡೆಯಿಂದ ಬಂದದ್ದೇ.

ಸ್ಟಾಲಿನವರಿಗೆ ಅಷ್ಟೇ ಕೇಳಿದೆ. ಅಸಿಟೈಲ್ ಎಷ್ಟು ಉಳಿಸಿದ್ದೀರಿ? ಯಾರ ಸೀರಮ್‌ನಲ್ಲಿ, ಎಷ್ಟು ದಿನ ಇಟ್ಟು ನೋಡಿದ್ದೀರಿ? ಬರೆದುಕೊಂಡರು. ಉತ್ತರಕ್ಕೆ ಕಾಯುತ್ತಿದ್ದೇನೆ.