ದೊಡ್ಡಪ್ಪನ ಕನ್ನಡಕ, ನನ್ನ ಫೈಕಸ್ಸು

ಬೋನ್ಸಾಯ್‌ಗೆ ಹಿಟ್ಟು ತಿಗಣೆ ಬಂದ್ರೆ ಬೇವಿನೆಣ್ಣೆ ಹೊಡೀಬಹುದು. ದೊಡ್ಡಪ್ಪ ಬಂದ್ರೆ ಏನ್ ಹೊಡೆಯೋದು ಹೇಳಿ?

ನನ್ನ ಬೋನ್ಸಾಯ್ ಫೈಕಸ್ಸು, ಅಂದ್ರೆ ಆಲದ ಮರದ ಜಾತೀದೇ, ಕುಂಡದಲ್ಲಿ ಕುಳ್ಳಗೆ ಬೆಳೆಸೋದು. ಮನೆಯೊಳಗೆ ಸಾಕೋಕೆ ಸುಲಭ ಅಂತಾರೆ ನರ್ಸರಿಯವರು. ಸುಲಭಾನೇ, ಮನೇಲಿ ಬೇರೆ ಯಾರೂ ಇಲ್ಲದಿದ್ರೆ. ಕಿಟಕಿ ಹತ್ರ ಒಳ್ಳೆ ಬೆಳಕು, ಮೇಲಿನ ಮಣ್ಣು ಒಣಗಿದಾಗ ನೀರು, ಅಷ್ಟೇ. ಆದ್ರೆ ಜಾಗ ಬದಲಾಯಿಸಿದ್ರೆ ಮುನಿಸ್ಕೊಂಡು ಎಲೆ ಉದುರಿಸುತ್ತೆ. ನೆಂಟರು ಬರ್ತಾರೆ ಅಂದ್ರೆ ನಮ್ಮಮ್ಮ ಅದನ್ನ ಟೀವಿ ಪಕ್ಕ ತಂದಿಡ್ತಾಳೆ, ಅವ್ರು ಹೋದ್ಮೇಲೆ ಅಲ್ಲೇ ಬಿಡ್ತಾಳೆ, ಆಮೇಲೆ ಎಲೆ ಗುಡಿಸ್ತಾ "ದುಡ್ಡು ಕೊಟ್ಟು ಕಸ ತಂದಿದಾನೆ" ಅಂತ ನನಗೇ ಮಂಗಳಾರತಿ.

ಈಗ ಹಾಸನದ ಕಡೆಯಿಂದ ದೊಡ್ಡಪ್ಪ ಕಣ್ಣು ತೋರಿಸೋಕೆ ಬೆಂಗಳೂರಿಗೆ ಬಂದಿದಾರೆ. ಬಂದವ್ರೇ ಗಿಡದ ಮುಂದೆ ಕೂತು "ಏನೋ ಇದು, ಮೂಳೆ ಗೀಳೆ ಮುರಿದಿದ್ಯಾ ಇದಕ್ಕೆ?" ಅಂದ್ರು. ದೊಡ್ಡಪ್ಪ, ಕೊಂಬೆ ಬಗ್ಗಿಸೋಕೆ ಅಲ್ಯುಮಿನಿಯಂ ವೈರ್ ಸುತ್ತಿದೀನಿ, ವೈರು ಕೊಂಬೆ ದಪ್ಪದ ಮೂರನೇ ಒಂದು ಭಾಗದಷ್ಟು ದಪ್ಪ ಇರ್ಬೇಕು, 45 ಡಿಗ್ರಿ ಓರೆಯಾಗಿ ಸುತ್ಬೇಕು, ಫೈಕಸ್ ಬೇಗ ದಪ್ಪ ಆಗುತ್ತಲ್ಲ, ತೊಗಟೆಗೆ ಕಚ್ಕೊಳ್ಳೋಕೆ ಮುಂಚೆ ವೈರ್ ತೆಗೀಬೇಕು ಅಂತ ಉದ್ದಕ್ಕೆ ಪಾಠ ಮಾಡಿದೆ. ಅವ್ರ ಕಿವಿಗೆ ಬಿದ್ದಿದ್ದು ಕೊನೇದು ಮಾತ್ರ.

ಇವತ್ತು ಬೆಳಿಗ್ಗೆ ಎದ್ದು ನೋಡ್ತೀನಿ, ವೈರ್ ಮಾಯ! ಕಟರ್‌ನಲ್ಲಿ ತುಂಡು ತುಂಡಾಗಿ ಕತ್ತರಿಸಿ ಬಿಡಿಸೋ ವೈರನ್ನ ಈ ಮನುಷ್ಯ ಹಿಡಿದು ಎಳೆದಿದಾರೆ. ತೊಗಟೆ ಕಿತ್ತು ಬಿಳಿ ಹಾಲು ಸೋರಿ ಕಿಟಕಿ ಕಟ್ಟೆಯೆಲ್ಲ ಅಂಟಂಟು, ಅವರ ಪಂಚೆ ಕೂಡ. ಸಾಲದ್ದಕ್ಕೆ ಗಾಯ ಆದ ಕಡೆಯೆಲ್ಲ ಅಡುಗೆಮನೆ ಅರಿಶಿನ ಮೆತ್ತಿದಾರೆ, ಗಿಡ ಮದುವೆ ಹಿಂದಿನ ದಿನದ ಹುಡುಗಿ ಥರ ಹಳದಿ ಹಳದಿಯಾಗಿ ನಿಂತಿದೆ.

"ಯಾಕ್ ದೊಡ್ಡಪ್ಪಾ ಬಿಚ್ಚಿದ್ರಿ?"

"ಪಾಪ ಕಣೋ, ಅದನ್ನ ನೋಡಿ ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ" ಅಂತ ಕನ್ನಡಕ ಮೇಲೆ ತಳ್ಕೊಂಡ್ರು. ಆಗ ಕಾಣಿಸ್ತು. ಕನ್ನಡಕದ ಕಾಲು ಮುರಿದಿದ್ದ ಕಡೆ ನನ್ನ ವೈರು, ನೀಟಾಗಿ ಸುತ್ತಿದೆ, ಅದೂ ಕರೆಕ್ಟಾಗಿ 45 ಡಿಗ್ರಿ ಓರೆಯಾಗಿ.

ತಿಂಡಿ ತಿನ್ನೋವಾಗ ನಾನು ಮುಖ ಊದಿಸ್ಕೊಂಡೇ ಇದ್ದೆ. ಅವ್ರೇ ಮಾತು ತೆಗೆದ್ರು. "ನಮ್ಮೂರ ಬಸ್‌ಸ್ಟಾಪ್ ಆಲದ ಮರ ರೋಡ್ ಅಗಲ ಮಾಡೋಕೆ ಕಡಿದ್ರು ಕಣೋ. ನೀನು ರಜಕ್ಕೆ ಬಂದಾಗ ಬಿಳಲು ಹಿಡ್ಕೊಂಡು ಜೋತಾಡ್ತಿದ್ಯಲ್ಲ, ಅದೇ. ಈಗ ಬಸ್ಸಿಗೆ ಬಿಸಿಲಲ್ಲೇ ನಿಲ್ಬೇಕು." ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಈ ಅಂಗೈ ಅಗಲದ ಕುಂಡದಲ್ಲೂ ಒಂದು ಬಿಳಲು ಇಳೀಲಿ ಅಂತ ನಾನು ದಿನಾ ನೀರು ಚಿಮುಕಿಸ್ತೀನಿ, ಗಾಳೀಲಿ ತೇವ ಇರ್ಬೇಕಲ್ಲ ಅದಕ್ಕೆ, ನಮ್ಮ ಫ್ಯಾನ್ ಗಾಳಿಗೆ ಎಲ್ಲಿಂದ ಇಳಿಯುತ್ತೆ.

ಹೊಸ ವೈರ್ ಆರ್ಡರ್ ಮಾಡೋಕೆ ಫೋನ್ ತೆಗೆದೆ. ದೊಡ್ಡಪ್ಪ ಬಗ್ಗಿ ನೋಡಿ ಅಂದ್ರು, "ಹಂಗೇ ಇನ್ನೊಂಚೂರು ದಪ್ಪಂದೂ ಒಂದ್ ಸುತ್ತು ತರ್ಸೋ, ತೋಟದ ಗೇಟು ಕಳಚ್ಕೊಂಡು ಬಿದ್ದಿದೆ."